ಯುಎಚ್‌ಟಿ ಹಾಲಿನ ಮೂರು ಡಬ್ಬಿಗಳು: ಕೊನೆಯ ತಾರೀಖಿನ ತನಕ ಬಾಳುವುದು ಯಾವುದು?

ಮೊದಲೇ ಅಂಕ ಕೊಟ್ಟುಬಿಡುತ್ತೇನೆ, ಕಾರಣ ಆಮೇಲೆ ಹೇಳುತ್ತೇನೆ. ಯುಎಚ್‌ಟಿ ಎಂದರೆ ಅತಿ ಹೆಚ್ಚಿನ ಕಾವಿನಲ್ಲಿ ಕೆಲವೇ ಸೆಕೆಂಡು ಕಾಯಿಸಿ, ತೆರೆಯುವ ತನಕ ಫ್ರಿಜ್ ಇಲ್ಲದೆಯೇ ಇಡಬಹುದಾದ ಡಬ್ಬಿ ಹಾಲು. ಕೆನೆಭರಿತ ಯುಎಚ್‌ಟಿ ಹಾಲಿಗೆ ಐದಕ್ಕೆ ನಾಲ್ಕು. ಅದೇ ಕಂಪನಿಯ ಕೆನೆ ತೆಗೆದ ಹಾಲಿಗೆ ಎರಡು. ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಇಲ್ಲದ ಹಾಲಿಗೆ ಹೊಸತರಲ್ಲಿ ನಾಲ್ಕು, ಹಳತಾದ ಮೇಲೆ ಎರಡೂವರೆ. ಮೂರೂ ಒಂದೇ ಅಳತೆಯ ರಟ್ಟಿನ ಡಬ್ಬಿಗಳು, ಮೂರರ ಮೇಲೂ ಆರು ತಿಂಗಳ ಅವಧಿ, ಮೂರನ್ನೂ ಇಟ್ಟದ್ದು ಒಂದೇ ಕಪಾಟಿನಲ್ಲಿ. ಆದರೂ ಮೂರಕ್ಕೂ ಮೂರು ಗತಿ ಬಂತು. ಕಂಪನಿಯ ಹೆಸರು ಬೇಕೆಂದೇ ಬಿಟ್ಟಿದ್ದೇನೆ. ಕೆಳಗೆ ಹೇಳುವ ಗುಣದೋಷಗಳು ಯಾವ ಕಂಪನಿಯ ಡಬ್ಬಿಯಲ್ಲೂ ಕಾಣಬಹುದಾದವು. ಒಂದರ ಹೆಸರು ಬರೆದರೆ ಓದುವವರು ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಸರಿಯಿದೆ ಅಂದುಕೊಳ್ಳುತ್ತಾರೆ.

ಹಾಲು ಸಂಸ್ಕರಣಾ ಘಟಕವೊಂದರ ಲ್ಯಾಬಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು ನಾನು. ಟ್ಯಾಂಕರ್ ಬಂದು ನಿಂತ ಕೂಡಲೇ ಸ್ಯಾಂಪಲ್ ತೆಗೆದು, ಹಾಲಿನಷ್ಟೇ ಆಲ್ಕೊಹಾಲ್ ಸೇರಿಸಿ, ಟೆಸ್ಟ್ ಟ್ಯೂಬನ್ನು ಬೆಳಕಿಗೆ ಓರೆ ಹಿಡಿದು ಗಾಜಿಗೆ ಸಣ್ಣ ಕಣ ಅಂಟಿಕೊಂಡಿದೆಯೇ ಎಂದು ನೋಡುವುದು ನನ್ನ ದಿನದ ಮೊದಲ ಕೆಲಸವಾಗಿತ್ತು. ಕಣ ಕಂಡರೆ ಆ ಹಾಲನ್ನು ಯುಎಚ್‌ಟಿ ಲೈನಿಗೆ ಬಿಡುತ್ತಿರಲಿಲ್ಲ. ಅಷ್ಟು ಕಾವನ್ನು ಅದರ ಪ್ರೋಟೀನ್ ತಡೆದುಕೊಳ್ಳುವುದಿಲ್ಲ. ಯಂತ್ರದೊಳಗೇ ಒಡೆದು ಕಾಯಿಸುವ ಪ್ಲೇಟುಗಳಿಗೆ ಮೆತ್ತಿಕೊಳ್ಳುತ್ತದೆ. ಆ ಅಭ್ಯಾಸ ಇವತ್ತಿಗೂ ಹೋಗಿಲ್ಲ. ಡಬ್ಬಿ ಹಾಲು ಕೊಂಡಾಗ ಅದರ ರುಚಿಯ ಜೊತೆಗೆ ಅದರ ಪ್ರೋಟೀನ್ ಯಾವ ಸ್ಥಿತಿಯಲ್ಲಿದೆ ಎಂಬುದೂ ನನಗೆ ಗೊತ್ತಾಗಬೇಕು. ಡಬ್ಬಿಯ ನೆತ್ತಿಯ ಮೇಲೆ ಒತ್ತಿರುವ ತಾರೀಖನ್ನು ಮುಟ್ಟುವುದೋ ಬಿಡುವುದೋ ಎಂಬುದನ್ನು ತೀರ್ಮಾನಿಸುವುದು ಅದೇ.

ಇದು ಹೇಗೆ ಅಂತ ಹೇಳುತ್ತೇನೆ. ಸಾಮಾನ್ಯ ಪಾಶ್ಚರೀಕರಣದಲ್ಲಿ ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಇಡುತ್ತಾರೆ. ರೋಗ ತರುವ ಕ್ರಿಮಿಗಳು ಸಾಯುತ್ತವೆ, ಆದರೆ ಬೀಜಾಣು ಕಟ್ಟುವ ಕೆಲವು ಬ್ಯಾಕ್ಟೀರಿಯಾ ಉಳಿದುಕೊಳ್ಳುತ್ತವೆ. ಕಾಯಿಸಿದ ಮೇಲೆ ಪೈಪು, ಪ್ಯಾಕಿಂಗ್ ಯಂತ್ರಗಳಿಂದ ಬಂದು ಸೇರುವವೂ ಇವೆ. ಅವು ಬೆಳೆದಾಗ ಹಾಲು ಕೆಡುತ್ತದೆ. ಅಂದರೆ ಫ್ರಿಜ್ಜಿನಲ್ಲಿಡುವ ಹಾಲಿನ ಬಾಳಿಕೆಯನ್ನು ಮುಗಿಸುವುದು ಕ್ರಿಮಿ. ಯುಎಚ್‌ಟಿಯಲ್ಲಿ ಹಾಲು ಕೆಲವೇ ಸೆಕೆಂಡುಗಳ ಕಾಲ 135ರಿಂದ 150 ಡಿಗ್ರಿಯ ನಡುವೆ ಹಾದು, ಕ್ರಿಮಿರಹಿತ ಡಬ್ಬಿಗೆ ಕ್ರಿಮಿರಹಿತ ಕೋಣೆಯಲ್ಲೇ ತುಂಬುತ್ತದೆ. ಕ್ರಿಮಿಯ ಕಥೆ ಅಲ್ಲಿಗೆ ಮುಗಿಯಿತು. ಹುಳಿ ಬರಿಸಲು ಒಳಗೆ ಯಾರೂ ಇಲ್ಲ. ಆಮೇಲೆ ಆರು ತಿಂಗಳು ಆ ಕತ್ತಲೆಯಲ್ಲಿ ನಡೆಯುವುದೆಲ್ಲ ಪ್ರೋಟೀನು, ಸಕ್ಕರೆ, ಲವಣ, ಮತ್ತು ಕಾವಿಗೂ ಜಗ್ಗದೆ ಉಳಿದ ಒಂದೆರಡು ಕಿಣ್ವಗಳ ನಡುವಿನ ವ್ಯವಹಾರ.

ಈಗ ಡಬ್ಬಿಗಳಿಗೆ ಬರೋಣ.

ಕೆನೆಭರಿತ ಹಾಲಿನ ಡಬ್ಬಿಯನ್ನು ತಯಾರಾದ ವಾರದೊಳಗೆ ತೆರೆದರೆ ಮೊದಲು ಮೂಗಿಗೆ ಬಡಿಯುವುದು ಗಂಧಕದ ವಾಸನೆ. ಬೇಯಿಸಿದ ಮೊಟ್ಟೆ ನೆನಪಾಗುವಷ್ಟು. ಬಹಳ ಜನ ಇದನ್ನೇ ದೊಡ್ಡ ದೂರು ಮಾಡುತ್ತಾರೆ, ಹಾಲು ಹಾಳಾಗಿದೆ ಎಂದು ಚೆಲ್ಲುವವರೂ ಇದ್ದಾರೆ. ಚೆಲ್ಲಬೇಡಿ. ಹಾಲು ಒಡೆದಾಗ ಬೇರೆಯಾಗುವ ತಿಳಿನೀರಿನಲ್ಲಿ ಉಳಿಯುವ ಪ್ರೋಟೀನುಗಳಿವೆ. ಅವುಗಳಲ್ಲಿ ಅರ್ಧದಷ್ಟು ಪಾಲು ಬೀಟಾ-ಲ್ಯಾಕ್ಟೊಗ್ಲೋಬ್ಯುಲಿನ್ ಎಂಬುದರದು. 162 ಅಮೈನೋ ಆಮ್ಲಗಳ ಈ ಎಳೆ ಹಸಿ ಹಾಲಿನಲ್ಲಿ ಬಿಗಿಯಾಗಿ ಮಡಚಿಕೊಂಡಿರುತ್ತದೆ, ಮಡಿಕೆಯೊಳಗೆ ಗಂಧಕವಿರುವ ಒಂದು ಥಯೋಲ್ ಗುಂಪು ಅಡಗಿರುತ್ತದೆ. ಕಾವು 70 ಡಿಗ್ರಿ ದಾಟುತ್ತಿದ್ದಂತೆ ಮಡಿಕೆ ಸಡಿಲವಾಗುತ್ತದೆ, ಥಯೋಲ್ ಹೊರಗೆ ಬರುತ್ತದೆ. ಇನ್ನೂ ಕಾವೇರಿದಾಗ ಅದರಿಂದ ಹೈಡ್ರೋಜನ್ ಸಲ್ಫೈಡ್ ಬಿಡುಗಡೆಯಾಗುತ್ತದೆ. ವಾಸನೆ ಅದರದೇ. ಡಬ್ಬಿಯೊಳಗೆ ಉಳಿದಿರುವ ಅಲ್ಪಸ್ವಲ್ಪ ಆಮ್ಲಜನಕ ಕೆಲವು ದಿನಗಳಲ್ಲಿ ಅದನ್ನು ತಿಂದುಹಾಕುತ್ತದೆ, ವಾಸನೆ ತಾನಾಗಿ ಇಳಿಯುತ್ತದೆ. ಈ ಹಾಲು ಅತಿ ರುಚಿಯಾಗಿರುವುದು ಆ ಹಂತದ ನಂತರ, ಹಳಸಲು ವಾಸನೆ ಶುರುವಾಗುವುದಕ್ಕೆ ಮುಂಚೆ. ಅದಕ್ಕೇ ನಾನು ತೀರಾ ಹೊಸ ಡಬ್ಬಿಯನ್ನು ಕೂಡಲೇ ತೆರೆಯದೆ ಕೆಲವು ವಾರ ಕಾಯುತ್ತೇನೆ.

ಆ ಹಂತದಲ್ಲಿ ಈ ಕಂಪನಿಯ ಕೆನೆಭರಿತ ಹಾಲು ನಿಜವಾಗಿಯೂ ಚೆನ್ನಾಗಿದೆ. ಬಾಯಿಗೆ ತುಂಬುವ ಮೈ, ಸಣ್ಣ ಸಿಹಿ, ಗಂಟಲಿನಲ್ಲಿ ಏನೂ ಅಂಟಿಕೊಳ್ಳುವುದಿಲ್ಲ. ಗಾಜಿನ ಲೋಟಕ್ಕೆ ಸುರಿದು ನೋಡಿದರೆ ಬಣ್ಣ ದಂತದ ಬಿಳಿ. ಡಬ್ಬಿ ಖಾಲಿಯಾದ ಮೇಲೆ ಕತ್ತರಿಯಿಂದ ಬಾಯಿ ಸೀಳಿ ತಳ ನೋಡುವುದು ನನ್ನ ಪದ್ಧತಿ. ತಳದಲ್ಲಿ ಬೆರಳಿಗೆ ಸುಣ್ಣದ ತಿಳಿಯಂತೆ ಹತ್ತುವ ತೆಳು ಪದರವೊಂದಿತ್ತು. ಅದು ಬಿಸಿಯಲ್ಲಿ ಒಂದಕ್ಕೊಂದು ಅಂಟಿ ಭಾರವಾಗಿ ಕೆಳಗಿಳಿದ ಪ್ರೋಟೀನ್. ಹಸಿ ಹಾಲಿನ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) ಸಾಮಾನ್ಯವಾಗಿ 6.7ರ ಆಸುಪಾಸಿನಲ್ಲಿರುತ್ತದೆ. ಅದು ಸ್ವಲ್ಪ ಕೆಳಗಿಳಿದಿದ್ದರೆ, ಅಥವಾ ಕರಗಿದ ಕ್ಯಾಲ್ಸಿಯಂ ಹೆಚ್ಚಿದ್ದರೆ, ಈ ಗಸಿ ದಪ್ಪವಾಗುತ್ತದೆ. ಮೇಕೆ ಹಾಲಿನ ಯುಎಚ್‌ಟಿ ಡಬ್ಬಿಗಳಲ್ಲಿ ಗಸಿಯ ಕಾಟ ಹೆಚ್ಚು, ಅದಕ್ಕೂ ಇದೇ ಕಾರಣ. ನನ್ನ ಡಬ್ಬಿಯಲ್ಲಿದ್ದದ್ದು ಸಹಜವೆನ್ನುವಷ್ಟು ತೆಳು. ಕುಡಿದರೆ ತೊಂದರೆಯಿಲ್ಲ, ತೆರೆಯುವ ಮುನ್ನ ಚೆನ್ನಾಗಿ ಕುಲುಕಿದರೆ ಸಾಕು.

ಅರ್ಧ ಅವಧಿ ದಾಟಿದ ಮೇಲೆ ತೆರೆದ ಡಬ್ಬಿಯಲ್ಲಿ ರುಚಿ ಕುಗ್ಗಿತ್ತು, ಹಳೆ ರಟ್ಟಿನ ಛಾಯೆ ಬಂದಿತ್ತು. ಮೇಲ್ಭಾಗದಲ್ಲಿ ಕೆನೆ ಒಂದಿಷ್ಟು ಗಟ್ಟಿಯಾಗಿ ಮುಚ್ಚಳದ ಹತ್ತಿರ ಕೂತಿತ್ತು. ಆದರೂ ಹಾಲು ಹಾಲಾಗಿಯೇ ಇತ್ತು, ಧಾರೆಯಾಗಿ ಹರಿಯಿತು. ನಾಲ್ಕು ಅಂಕ ಕೊಟ್ಟದ್ದು ಅದಕ್ಕೇ.

ಕೆನೆ ತೆಗೆದ ಹಾಲಿನ ವಿಚಾರವನ್ನು ಮಾತ್ರ ನಿಧಾನವಾಗಿ ಹೇಳಬೇಕು.

ಅವಧಿ ಮುಗಿಯಲು ಇನ್ನೂ ಬೇಕಾದಷ್ಟು ಸಮಯವಿತ್ತು. ಡಬ್ಬಿ ಉಬ್ಬಿರಲಿಲ್ಲ, ಸೋರಿರಲಿಲ್ಲ, ಅಂಚುಗಳು ಗಟ್ಟಿಯಾಗಿದ್ದವು. ಕೈಗೆತ್ತಿಕೊಂಡು ಅಲುಗಾಡಿಸಿದಾಗಲೇ ಅನುಮಾನ ಬಂತು: ಒಳಗೆ ಹಾಲು ಗುಳುಗುಳು ಅನ್ನಲಿಲ್ಲ, ಒಂದು ಬದಿಯಿಂದ ಇನ್ನೊಂದು ಬದಿಗೆ ಸಾವಕಾಶವಾಗಿ ಜಾರಿತು. ಬಾಯಿ ಕತ್ತರಿಸಿ ಬಗ್ಗಿಸಿದರೆ ಮೊದಲು ಒಂದಷ್ಟು ತೆಳು ಹಾಲು ಬಂತು, ಆಮೇಲೆ ತುಂಡುತುಂಡಾಗಿ ಜಾರುವ ಬಿಳಿ ಹೆಪ್ಪು. ಡಬ್ಬಿಯನ್ನು ಪೂರ್ತಿ ಸೀಳಿ ಚಪ್ಪಟೆ ಹರಡಿದೆ. ತಳದಲ್ಲಿ ಮೂರು ಬೆರಳಷ್ಟು ಎತ್ತರಕ್ಕೆ ನುಣುಪಾದ ಗಟ್ಟಿ ಪದರ; ಚಮಚ ಒತ್ತಿ ತೆಗೆದರೆ ಗುಳಿ ಹಾಗೆಯೇ ಉಳಿಯಿತು. ಹುಳಿ ವಾಸನೆ ಇಲ್ಲ. ಪಿಎಚ್ ಪಟ್ಟಿ ಅದ್ದಿದರೆ ಬಣ್ಣ ಹೊಸ ಹಾಲಿನದಕ್ಕೆ ಬಹುತೇಕ ಹೊಂದಿತು. ನಾಲಿಗೆ ತುದಿಗೆ ಮುಟ್ಟಿಸಿದರೆ ಕಹಿ, ಅದೂ ತಕ್ಷಣಕ್ಕಲ್ಲ, ನುಂಗಿದ ಮೇಲೆ ನಾಲಿಗೆಯ ಹಿಂಬದಿಯಲ್ಲಿ ನಿಂತುಕೊಳ್ಳುವಂಥ ಕಹಿ.

ಹುಳಿಯಾಗದೆ ಹೆಪ್ಪುಗಟ್ಟಿದ ಹಾಲು ಎಂದರೆ ಕ್ರಿಮಿಯ ಕೆಲಸವಲ್ಲ ಎಂದು ಅಲ್ಲೇ ಗೊತ್ತಾಗುತ್ತದೆ. ಡೇರಿಯವರು ಇದನ್ನು ವಯಸ್ಸಿನ ಹೆಪ್ಪು ಎನ್ನುತ್ತಾರೆ. ಯುಎಚ್‌ಟಿ ಹಾಲಿನ ಬಾಳಿಕೆಗೆ ದೊಡ್ಡ ಅಡ್ಡಿ ಇದೇ, ಮತ್ತು ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ಯಾವ ಡಬ್ಬಿ ಕೊಳ್ಳಬೇಕು ಎನ್ನುವುದು ಅರ್ಧ ತಿಳಿದಂತೆ.

ಒಂದು ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 33 ಗ್ರಾಂ ಪ್ರೋಟೀನ್ ಇರುತ್ತದೆ. ಅದರಲ್ಲಿ 80 ಶೇಕಡಾ ಕೇಸೀನ್. ಕೇಸೀನ್ ಅಣುಗಳು ಸಾವಿರಗಟ್ಟಲೆ ಒಟ್ಟುಗೂಡಿ, ಮಧ್ಯೆ ಕ್ಯಾಲ್ಸಿಯಂ ಫಾಸ್ಫೇಟನ್ನು ಬೆಸುಗೆಯಾಗಿ ಇಟ್ಟುಕೊಂಡು, ಮೈಸೆಲ್ ಎಂಬ ಗುಂಡುಗಳಾಗಿ ತೇಲುತ್ತವೆ. ಸರಾಸರಿ ಅಡ್ಡಳತೆ 150ರಿಂದ 200 ನ್ಯಾನೋಮೀಟರ್. ಹಾಲು ಬೆಳ್ಳಗೆ ಕಾಣುವುದರಲ್ಲಿ ಈ ಗುಂಡುಗಳ ಪಾಲು ದೊಡ್ಡದು. ಕೆನೆ ಪೂರ್ತಿ ತೆಗೆದರೂ ಹಾಲು ಬಿಳಿಯೇ. ಗುಂಡಿನ ಹೊರಮೈಯಲ್ಲಿ ಕಪ್ಪಾ-ಕೇಸೀನ್ ಎಂಬ ಬಗೆ ಇರುತ್ತದೆ. ಅದರ ಒಂದು ತುದಿ ನೀರಿನತ್ತ ಚಾಚಿಕೊಂಡಿರುತ್ತದೆ, ಋಣ ವಿದ್ಯುದಂಶ ಹೊತ್ತಿರುತ್ತದೆ. ಈ ಚಾಚಿದ ತುದಿಗಳಿರುವ ತನಕ ಒಂದು ಗುಂಡು ಇನ್ನೊಂದಕ್ಕೆ ಅಂಟುವುದಿಲ್ಲ. ಹಾಲು ಹಾಲಾಗಿ ಉಳಿಯುವುದೇ ಈ ತುದಿಗಳ ದಯೆಯಿಂದ.

ಹಾಲು ಕಾದಾಗ ಬಿಚ್ಚಿಕೊಂಡ ಬೀಟಾ-ಲ್ಯಾಕ್ಟೊಗ್ಲೋಬ್ಯುಲಿನ್ ಸುಮ್ಮನೆ ಇರುವುದಿಲ್ಲ. ಹೊರಬಂದ ಆ ಥಯೋಲ್ ಕಪ್ಪಾ-ಕೇಸೀನಿನ ಗಂಧಕದ ಕೊಂಡಿಯನ್ನು ಹುಡುಕಿ ಹಿಡಿಯುತ್ತದೆ. ಎರಡೂ ಸೇರಿ ಒಂದು ಜೋಡಿಯಾಗುತ್ತವೆ, ಒಂದಷ್ಟು ಗುಂಡಿನ ಮೈಗೆ ಅಂಟಿಕೊಂಡಿರುತ್ತವೆ, ಒಂದಷ್ಟು ಬಿಟ್ಟು ನೀರಿಗಿಳಿಯುತ್ತವೆ. ಯುಎಚ್‌ಟಿ ಹಾಲಿಗೆ ರೆನೆಟ್ (ಚೀಸಿಗಾಗಿ ಹಾಲನ್ನು ಗಟ್ಟಿಮಾಡಲು ಬಳಸುವ ಕಿಣ್ವ) ಹಾಕಿದರೆ ಚೀಸ್ ಗಡ್ಡೆ ಸರಿಯಾಗಿ ಕಟ್ಟದೇ ಇರುವುದಕ್ಕೂ ಈ ಜೋಡಿಯೇ ಕಾರಣ. ರೆನೆಟ್‌ನ ಕಿಣ್ವ ಕಪ್ಪಾ-ಕೇಸೀನಿನ 105 ಮತ್ತು 106ನೇ ಅಮೈನೋ ಆಮ್ಲಗಳ ನಡುವೆ ಕತ್ತರಿಸುತ್ತದೆ. ಜೋಡಿ ಅಡ್ಡ ಕೂತರೆ ಅದರ ಕೆಲಸ ನಿಧಾನವಾಗುತ್ತದೆ, ಕತ್ತರಿಸಿದ ಮೇಲೂ ಗುಂಡುಗಳು ಹತ್ತಿರ ಬರಲಾರವು. ಚೀಸ್ ಮಾಡುವ ಆಸೆಯಿಂದ ಈ ಡಬ್ಬಿ ಕೊಳ್ಳುವವರಿದ್ದರೆ ಬೇರೆ ಹಾಲು ನೋಡಿಕೊಳ್ಳಿ.

ಇಲ್ಲಿಯವರೆಗೆ ಕೆಡುಕೇನೂ ಇಲ್ಲ. ಕೆಡುಕು ಶುರುವಾಗುವುದು ಕತ್ತರಿಸುವ ಕಿಣ್ವಗಳು ಹಾಲಿನಲ್ಲಿ ಉಳಿದಿದ್ದರೆ. ಅಂಥವು ಎರಡು ದಾರಿಯಿಂದ ಬರುತ್ತವೆ.

ಒಂದು ಹಸುವಿನಿಂದಲೇ ಬರುವುದು, ಪ್ಲಾಸ್ಮಿನ್. ರಕ್ತದಲ್ಲಿ ಹೆಪ್ಪು ಕರಗಿಸುವ ಕಿಣ್ವ ಇದೇ; ರಕ್ತದಿಂದ ಕೆಚ್ಚಲಿಗೆ, ಕೆಚ್ಚಲಿನಿಂದ ಹಾಲಿಗೆ ಬರುತ್ತದೆ. ಬಂದದ್ದು ಬಹುಪಾಲು ಪ್ಲಾಸ್ಮಿನೋಜನ್ ಎಂಬ ನಿದ್ದೆಯ ರೂಪದಲ್ಲಿ ಕೇಸೀನ್ ಗುಂಡುಗಳಿಗೆ ಅಂಟಿಕೊಂಡಿರುತ್ತದೆ. ಪಾಶ್ಚರೀಕರಣ ಇದನ್ನು ಕೊಲ್ಲುವುದಿಲ್ಲ. ಅದಕ್ಕಿಂತ ಹೆಚ್ಚಿನ ಮಾತೆಂದರೆ, ಈ ಕಿಣ್ವವನ್ನು ಎಬ್ಬಿಸದಂತೆ ಹಿಡಿದಿದ್ದ ತಡೆಗಳು ಆ ಕಾವಿಗೆ ಹಾಳಾಗಿ, ಕಾಯಿಸಿದ ಮೇಲೆ ಪ್ಲಾಸ್ಮಿನ್ ಇನ್ನೂ ಚುರುಕಾಗುವುದುಂಟು. ಕೆಚ್ಚಲು ಬಾವು ಬಂದ ಹಸುವಿನ ಹಾಲಿನಲ್ಲಿ, ಕರು ಹಾಕಿ ಬಹಳ ತಿಂಗಳಾದ ಹಸುವಿನ ಹಾಲಿನಲ್ಲಿ ಇದು ಜಾಸ್ತಿ. ಮುಖ್ಯವಾಗಿ ಬೀಟಾ-ಕೇಸೀನನ್ನು ಕತ್ತರಿಸುತ್ತದೆ, ಕಪ್ಪಾ-ಕೇಸೀನನ್ನು ಹೆಚ್ಚು ಮುಟ್ಟುವುದಿಲ್ಲ. ಕತ್ತರಿಸುತ್ತಾ ಹೋದಂತೆ ಗುಂಡಿನ ಮೈ ಸಡಿಲವಾಗಿ, ಅಂಟಿದ್ದ ಆ ಜೋಡಿಗಳು ಕಳಚಿ ನೀರಿಗೆ ಬೀಳುತ್ತವೆ, ಬಿದ್ದವು ಒಂದಕ್ಕೊಂದು ಕೈಕೊಟ್ಟು ಬಲೆ ಹೆಣೆಯುತ್ತವೆ. ಬಲೆ ಡಬ್ಬಿಯಗಲ ಹಬ್ಬಿದ ದಿನ ಹಾಲು ಹೆಪ್ಪಾಗುತ್ತದೆ.

ಎರಡನೆಯದು ಬ್ಯಾಕ್ಟೀರಿಯಾ ಬಿಟ್ಟುಹೋದ ಕಿಣ್ವ. ಸ್ಯೂಡೋಮೊನಾಸ್ ಜಾತಿಯ ಬ್ಯಾಕ್ಟೀರಿಯಾ ಚಳಿಗೆ ಹೆದರುವುದಿಲ್ಲ, ಹಸಿ ಹಾಲಿನ ತಂಪು ಟ್ಯಾಂಕಿನಲ್ಲೇ ಬೆಳೆಯುತ್ತದೆ. ಮಿಲಿಲೀಟರಿಗೆ ಹತ್ತು ಲಕ್ಷದ ಸುತ್ತಮುತ್ತ ಸಂಖ್ಯೆ ಮುಟ್ಟಿದಾಗ ಪ್ರೋಟೀನ್ ಕತ್ತರಿಸುವ ಕಿಣ್ವವನ್ನು ಸಾಕಷ್ಟು ಸುರಿಸಲು ಶುರು ಮಾಡುತ್ತದೆ. ಯುಎಚ್‌ಟಿ ಕಾವಿಗೆ ಬ್ಯಾಕ್ಟೀರಿಯಾ ಸಾಯುತ್ತದೆ, ಅದು ಬಿಟ್ಟ ಕಿಣ್ವ ಸಾಯುವುದಿಲ್ಲ. ಇದರಲ್ಲಿ ನನ್ನನ್ನು ಇವತ್ತಿಗೂ ಬೆರಗುಗೊಳಿಸುವ ವಿಷಯವೊಂದಿದೆ: 140 ಡಿಗ್ರಿಯಲ್ಲಿ ಕೆಲವು ಸೆಕೆಂಡು ತಡೆದುಕೊಳ್ಳುವ ಇಂಥ ಕೆಲವು ಕಿಣ್ವಗಳು 55 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಬಹುಪಾಲು ಶಕ್ತಿ ಕಳೆದುಕೊಳ್ಳುತ್ತವೆ, ಯಾಕೆಂದರೆ ಆ ಹದಕ್ಕೆ ಅವು ತಮ್ಮನ್ನೇ ತಾವು ಜೀರ್ಣಿಸಿಕೊಳ್ಳುತ್ತವೆ. ಇವು ಕಪ್ಪಾ-ಕೇಸೀನಿನ ಮೇಲೆಯೇ ಕೈಹಾಕುತ್ತವೆ, ಬಹುಮಟ್ಟಿಗೆ ರೆನೆಟ್ ಮಾಡುವ ಕೆಲಸವನ್ನೇ ಮಾಡುತ್ತವೆ. ಬರುವ ಹೆಪ್ಪು ಗಟ್ಟಿ, ಜೊತೆಗೆ ಕಹಿ. ಸಣ್ಣ ಸಣ್ಣ ಪ್ರೋಟೀನ್ ತುಣುಕುಗಳಲ್ಲಿ ಎಷ್ಟೋ ಕಹಿಯಾಗಿಯೇ ಇರುತ್ತವೆ.

ನನ್ನ ಡಬ್ಬಿಯಲ್ಲಿ ಯಾವುದರ ಕೈವಾಡ ಎಂದು ಮನೆಯಲ್ಲಿ ಕೂತು ಹೇಳುವಂತಿಲ್ಲ. ಲ್ಯಾಬಿನಲ್ಲಾದರೆ ದಾರಿಯಿತ್ತು. ಪ್ಲಾಸ್ಮಿನ್ ಕತ್ತರಿಸಿದ ತುಂಡುಗಳು ದೊಡ್ಡವು, 12 ಶೇಕಡಾ ಟ್ರೈಕ್ಲೋರೋ ಅಸಿಟಿಕ್ ಆಮ್ಲದಲ್ಲಿ ಕರಗದೆ ತಳಕ್ಕೆ ಕೂರುತ್ತವೆ. ಬ್ಯಾಕ್ಟೀರಿಯಾದ ಕಿಣ್ವ ಕತ್ತರಿಸಿದವು ಚಿಕ್ಕವು, ಅದರಲ್ಲೂ ಕರಗಿಯೇ ಇರುತ್ತವೆ. ಎರಡನ್ನೂ ಅಳೆದು ನೋಡಿದರೆ ತಪ್ಪು ಕೊಟ್ಟಿಗೆಯಲ್ಲಾಯಿತೋ ತಂಪು ಟ್ಯಾಂಕಿನಲ್ಲಾಯಿತೋ ಎಂದು ಅಂದಾಜು ಸಿಗುತ್ತದೆ. ಈ ಪರೀಕ್ಷೆ ದುಬಾರಿಯೇನಲ್ಲ, ಮಾಡುವ ಮನಸ್ಸಿರಬೇಕು.

ಅದೇ ತಿಂಗಳಲ್ಲಿ ತಯಾರಾದ ಕೆನೆಭರಿತ ಹಾಲು ಹರಿಯುತ್ತಿದ್ದಾಗ ಕೆನೆ ತೆಗೆದದ್ದು ಹೆಪ್ಪಾದದ್ದು ಆಶ್ಚರ್ಯವಲ್ಲ. ಕೆನೆ ತೆಗೆದ ಯುಎಚ್‌ಟಿ ಹಾಲು ಕೆನೆಭರಿತಕ್ಕಿಂತ ಬೇಗ ಹೆಪ್ಪುಗಟ್ಟುತ್ತದೆ ಎನ್ನುವುದು ಡೇರಿ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಗೊತ್ತಿದ್ದೂ ಎರಡಕ್ಕೂ ಒಂದೇ ಆರು ತಿಂಗಳು ಒತ್ತಿರುವುದಕ್ಕೆ ನನ್ನ ಆಕ್ಷೇಪ. ಕಡಿಮೆ ಕೊಬ್ಬಿನ ಹಾಲು ಬೇಕಾದವರು ಅದನ್ನು ವೈದ್ಯರು ಹೇಳಿದ್ದಕ್ಕೋ ಆರೋಗ್ಯದ ಕಾಳಜಿಗೋ ಕೊಳ್ಳುತ್ತಾರೆ. ಅವರ ಡಬ್ಬಿಯ ಮೇಲೆ ನಾಲ್ಕು ತಿಂಗಳೆಂದು ಬರೆದರೆ ಯಾರಿಗೂ ನಷ್ಟವಿಲ್ಲ.

ಗ್ರಾಹಕ ಸೇವೆಗೆ ಫೋನ್ ಮಾಡಿದೆ. ಆ ಕಡೆಯ ಹುಡುಗ ವಿನಯದಿಂದಲೇ ಮಾತಾಡಿದ. ಬ್ಯಾಚ್ ನಂಬರ್ ಬರೆದುಕೊಂಡ, ಡಬ್ಬಿ ಬದಲಿಸಿ ಕೊಡುತ್ತೇವೆ ಎಂದ. "ಮೇಡಂ, ಡೇಟ್ ಇನ್ನೂ ಇದೆ, ಹಾಗಾಗಿ ಸೇಫ್" ಎಂದ. ಸೇಫ್ ಇರಬಹುದು, ನಾನು ಅದನ್ನು ಅಲ್ಲಗಳೆಯುವುದಿಲ್ಲ. ನಾನು ಕೇಳಿದ್ದು ಬೇರೆ: ನಿಮ್ಮದು ನೇರ ಉಗಿ ಹಾಯಿಸಿ ಕಾಯಿಸುವ ವಿಧಾನವೋ, ಪ್ಲೇಟು ಅಥವಾ ಕೊಳವೆಗಳ ಮೂಲಕ ಕಾಯಿಸುವ ವಿಧಾನವೋ? ಆತನಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕು ಎಂದು ನಾನು ನಿರೀಕ್ಷಿಸಿಯೂ ಇರಲಿಲ್ಲ. ಗೊತ್ತಿರುವವರಿಗೆ ಕರೆ ದಾಟಿಸುವ ವ್ಯವಸ್ಥೆಯಾದರೂ ಇರಬೇಕಿತ್ತು.

ಆ ಪ್ರಶ್ನೆಗೆ ಅರ್ಥವಿದೆ. ಉಗಿಯನ್ನು ನೇರವಾಗಿ ಹಾಲಿಗೇ ಹಾಯಿಸಿದರೆ ಕಾವು ಕ್ಷಣದಲ್ಲಿ ಏರುತ್ತದೆ, ನಿರ್ವಾತದ ಕೋಣೆಗೆ ಬಿದ್ದ ಕೂಡಲೇ ಅಷ್ಟೇ ಬೇಗ ಇಳಿಯುತ್ತದೆ. ಅಲ್ಲಿ ಪ್ರೋಟೀನ್ ಕಡಿಮೆ ಬೇಯುತ್ತದೆ, ರುಚಿ ಹಸಿ ಹಾಲಿಗೆ ಹತ್ತಿರ. ಪ್ಲೇಟು, ಕೊಳವೆಗಳಲ್ಲಿ ಏರಿಳಿತ ನಿಧಾನ. ಹಾಲು ಹೆಚ್ಚು ಬೇಯುತ್ತದೆ, ಬೆಂದ ವಾಸನೆ ಹೆಚ್ಚು. ಆದರೆ ಹೆಚ್ಚು ಬೆಂದ ಹಾಲಿನಲ್ಲಿ ಪ್ಲಾಸ್ಮಿನ್ ಕೂಡ ಹೆಚ್ಚು ಸಾಯುತ್ತದೆ. ಬಿಚ್ಚಿಕೊಂಡ ಬೀಟಾ-ಲ್ಯಾಕ್ಟೊಗ್ಲೋಬ್ಯುಲಿನ್ ಪ್ಲಾಸ್ಮಿನಿನ ಗಂಧಕದ ಕೊಂಡಿಗಳಿಗೂ ಕೈಹಾಕಿ ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಹೀಗಾಗಿ ರುಚಿಯಲ್ಲಿ ಮೇಲಾದ ನೇರ ಉಗಿಯ ಹಾಲು ಸಾಮಾನ್ಯವಾಗಿ ಬೇಗ ಹೆಪ್ಪಾಗುತ್ತದೆ, ರುಚಿಯಲ್ಲಿ ಹಿಂದೆ ಬಿದ್ದದ್ದು ಹೆಚ್ಚು ಕಾಲ ಬಾಳುತ್ತದೆ. ಎರಡರಲ್ಲಿ ಯಾವುದು ಬೇಕೆಂದು ಆರಿಸುವ ಹಕ್ಕು ಕೊಳ್ಳುವವರಿಗಿರಬೇಕು. ಡಬ್ಬಿಯ ನಾಲ್ಕೂ ಮುಖಗಳಲ್ಲಿ ಹುಲ್ಲುಗಾವಲಿನ ಚಿತ್ರಕ್ಕೆ ಜಾಗವಿದೆ, ಈ ಒಂದು ಸಾಲಿಗೆ ಜಾಗವಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಘಟಕಾಂಶಗಳ ಪಟ್ಟಿಯನ್ನೂ ಓದಿ. ನಾನು ಕೊಂಡ ಮೂರರಲ್ಲೂ ಹಾಲು ಬಿಟ್ಟು ಸ್ಟೆಬಿಲೈಸರ್ ಏನೂ ಇರಲಿಲ್ಲ, ಅದು ನನಗೆ ಮೆಚ್ಚುಗೆಯಾಯಿತು. ಕೆಲವು ಕಡೆ ಪಾಲಿಫಾಸ್ಫೇಟ್ ಸೇರಿಸುತ್ತಾರೆ. ಅದು ಹೆಪ್ಪನ್ನು ನಿಜವಾಗಿಯೂ ಮುಂದೂಡುತ್ತದೆ. ಸಿಟ್ರೇಟ್, ಸಾದಾ ಫಾಸ್ಫೇಟುಗಳ ಕೆಲಸ ಬೇರೆ: ಕಾಯಿಸುವಾಗ ಹಾಲು ಒಡೆಯದಂತೆ, ಗಸಿ ಕೂರದಂತೆ ನೋಡಿಕೊಳ್ಳುತ್ತವೆ, ವಯಸ್ಸಿನ ಹೆಪ್ಪಿಗೆ ಮದ್ದಲ್ಲ. ಪಟ್ಟಿಯಲ್ಲಿ ಯಾವುದು ಕಂಡರೂ ಭಯಪಡಬೇಕಿಲ್ಲ, ಯಾವುದು ಏಕೆ ಎಂದು ತಿಳಿದಿದ್ದರೆ ಸಾಕು.

ಡಬ್ಬಿಯನ್ನು ಎಲ್ಲಿಡುತ್ತೀರಿ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಹೆಪ್ಪು ಅತಿ ಬೇಗ ಬರುವುದು 25–30 ಡಿಗ್ರಿಯ ಆಸುಪಾಸಿನಲ್ಲಿ. ಫ್ರಿಜ್ಜಿನಲ್ಲಿ ಕಿಣ್ವಗಳು ನಿಧಾನವಾಗುತ್ತವೆ, ಹೆಪ್ಪು ಬಹಳ ತಡ. 35–40 ಡಿಗ್ರಿಯ ಸೆಕೆಯಲ್ಲೂ ಹೆಪ್ಪು ತಡವಾಗುತ್ತದೆ, ಆದರೆ ಖುಷಿಪಡುವಂತಿಲ್ಲ: ಅಲ್ಲಿ ಹಾಲಿನ ಸಕ್ಕರೆ ಪ್ರೋಟೀನಿಗೆ ಅಂಟಿಕೊಂಡು, ಪ್ರೋಟೀನುಗಳು ಪರಸ್ಪರ ಬೆಸೆದುಕೊಂಡು, ಬಲೆ ಹೆಣೆಯಲಾರದಂತಾಗುತ್ತವೆ, ಜೊತೆಗೆ ಹಾಲು ಕಂದಾಗುತ್ತದೆ. ಬಿಸಿಲು ಬೀಳುವ ಗೋಡೆಯ ಕಪಾಟಿಗಿಂತ ತಣ್ಣನೆಯ ಮೂಲೆ ಮೇಲು. ಬೆಳಕಿನ ಬಗ್ಗೆ ಚಿಂತೆ ಬೇಡ, ರಟ್ಟಿನ ಪದರಗಳ ನಡುವೆ ಅಲ್ಯೂಮಿನಿಯಂ ಹಾಳೆ ಇರುವ ಡಬ್ಬಿಯೊಳಗೆ ಅದು ಹೋಗುವುದಿಲ್ಲ.

ಕಂದಾಗುವ ಮಾತು ಬಂದದ್ದರಿಂದ ಮೂರನೆಯ ಡಬ್ಬಿಗೆ ಬರುತ್ತೇನೆ. ಲ್ಯಾಕ್ಟೋಸ್ ಜೀರ್ಣವಾಗದವರಿಗೆ ಈ ಹಾಲು ದೊಡ್ಡ ಉಪಕಾರ, ಅದನ್ನು ಮೊದಲು ಹೇಳಬೇಕು. ಹೊಸ ಡಬ್ಬಿಯ ರುಚಿ ಮೂರರಲ್ಲೂ ನನಗೆ ಅತಿ ಇಷ್ಟವಾದದ್ದು. ಸಕ್ಕರೆ ಬೆರೆಸದೆಯೂ ಎದ್ದು ಕಾಣುವ ಸಿಹಿ, ಏಕೆಂದರೆ ಲ್ಯಾಕ್ಟೋಸನ್ನು ಕಿಣ್ವ ಒಡೆದಾಗ ಬರುವ ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಅದಕ್ಕಿಂತ ಸಿಹಿ. ಆದರೆ ಇವೆರಡೂ ಲ್ಯಾಕ್ಟೋಸಿಗಿಂತ ಚುರುಕಾಗಿ ಪ್ರೋಟೀನಿನಲ್ಲಿರುವ ಲೈಸೀನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಕೊಳ್ಳುತ್ತವೆ. ಮೈಲಾರ್ಡ್ ಕ್ರಿಯೆ ಎನ್ನುವುದು ಇದನ್ನೇ. ಅಂಟಿಕೊಂಡಷ್ಟು ಲೈಸೀನ್ ದೇಹಕ್ಕೆ ಸಿಗುವುದಿಲ್ಲ. ಕ್ರಿಯೆ ಮುಂದುವರಿದಂತೆ ಬಣ್ಣ ಬರುತ್ತದೆ, ಪಿಎಚ್ ಕುಸಿಯುತ್ತದೆ.

ಅವಧಿಯ ಕೊನೆಯತ್ತ ತೆರೆದ ಲ್ಯಾಕ್ಟೋಸ್ ರಹಿತ ಹಾಲನ್ನೂ ಕೆನೆಭರಿತ ಹಾಲನ್ನೂ ಎರಡು ಬಿಳಿ ಬಟ್ಟಲುಗಳಲ್ಲಿ ಅಕ್ಕಪಕ್ಕ ಇಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ದಂತದ ಬಣ್ಣ, ಇನ್ನೊಂದು ಸ್ಪಷ್ಟವಾಗಿ ತೆಳು ಕಂದು, ಕಾದು ಕಾದು ಅರ್ಧ ಬತ್ತಿದ ಹಾಲಿನ ಬಣ್ಣ. ರುಚಿಯಲ್ಲಿ ಸುಟ್ಟ ಸಕ್ಕರೆಯ ಎಳೆ, ಕೊನೆಯಲ್ಲಿ ಸಣ್ಣ ಕಹಿ. ಕಹಿಗೂ ಪ್ರೋಟೀನೇ ಮೂಲ. ಲ್ಯಾಕ್ಟೋಸ್ ಒಡೆಯಲು ಹಾಕುವ ಕಿಣ್ವದ ಪುಡಿಯಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವದ ಅಂಶವೂ ಸ್ವಲ್ಪ ಬೆರೆತಿರುತ್ತದೆ. ಕಾಯಿಸುವ ಮೊದಲೇ ಕಿಣ್ವ ಹಾಕಿದರೆ ಕಾಯಿಸುವಾಗಲೇ ಬಣ್ಣ ಹಿಡಿಯುತ್ತದೆ; ಕಾಯಿಸಿದ ಮೇಲೆ ಕ್ರಿಮಿರಹಿತವಾಗಿ ತೊಟ್ಟಿಕ್ಕಿಸಿದರೆ ಬಣ್ಣ ಕಡಿಮೆ, ಆದರೆ ಆ ಬೆರಕೆ ಕಿಣ್ವ ಡಬ್ಬಿಯೊಳಗೆ ತಿಂಗಳುಗಟ್ಟಲೆ ಕೆಲಸ ಮಾಡುತ್ತಲೇ ಇರುತ್ತದೆ. ಕಿಣ್ವ ಶುದ್ಧವಾದಷ್ಟೂ ಈ ತೊಂದರೆ ಕಡಿಮೆ, ಶುದ್ಧ ಕಿಣ್ವಕ್ಕೆ ಖರ್ಚು ಜಾಸ್ತಿ. ಈ ಹಾಲನ್ನು ಮೂರು ತಿಂಗಳೊಳಗೆ ಮುಗಿಸುವವರಿಗೆ ಕಣ್ಣುಮುಚ್ಚಿ ಶಿಫಾರಸು ಮಾಡುತ್ತೇನೆ. ಆರು ತಿಂಗಳಿಗೆಂದು ಪೇರಿಸಿಡುವವರಿಗೆ ಮಾಡುವುದಿಲ್ಲ.

ಬಳಸುವವರು ಕೇಳುವ ಒಂದೆರಡು ಸಣ್ಣ ಸಂಗತಿ. ತೆರೆದ ಮೇಲೆ ಇದು ಬೇರೆಲ್ಲ ಹಾಲಿನ ಹಾಗೆಯೇ. ಗಾಳಿಯ ಕ್ರಿಮಿ ಸೇರಿತು ಎಂದರೆ ಆರು ತಿಂಗಳ ಮಾತು ಮುಗಿಯಿತು, ಫ್ರಿಜ್ಜಿನಲ್ಲಿಟ್ಟು ಕೆಲವೇ ದಿನಗಳಲ್ಲಿ ಖರ್ಚು ಮಾಡಿ. ಮತ್ತೆ ಕುದಿಸುವ ಅಗತ್ಯವಿಲ್ಲ. ಮೊಸರಿಗೂ ಹಾಗೆಯೇ ಹದವಾಗಿ ಬೆಚ್ಚಗೆ ಮಾಡಿ ಹೆಪ್ಪು ಹಾಕಬಹುದು. ಮೊಸರು ಮೃದುವಾಗಿ ಕಟ್ಟುತ್ತದೆ, ಚಾಕುವಿನಿಂದ ಕತ್ತರಿಸುವಷ್ಟು ಗಟ್ಟಿ ಆಗುವುದಿಲ್ಲ. ಡಬ್ಬಿ ಉಬ್ಬಿದ್ದರೆ ಮಾತ್ರ ಹಿಂದುಮುಂದು ನೋಡದೆ ಎಸೆಯಿರಿ, ಅದು ಪ್ರೋಟೀನಿನ ಕೆಲಸವಲ್ಲ, ಒಳಗೆ ಕ್ರಿಮಿ ಬೆಳೆದ ಗುರುತು. ಹೆಪ್ಪಾದದ್ದನ್ನು ಕುದಿಸಿ ಸರಿಮಾಡಲು ಹೋಗಬೇಡಿ, ಕುದಿಸಿದರೆ ಗಂಟು ಇನ್ನೂ ಗಟ್ಟಿಯಾಗುತ್ತದೆ, ಕಹಿ ಹೋಗುವುದಿಲ್ಲ.

ಕೊಳ್ಳುವಾಗ ನಾನು ಕೊನೆಯ ತಾರೀಖಿಗಿಂತ ಮೊದಲು ತಯಾರಾದ ತಾರೀಖು ಹುಡುಕುತ್ತೇನೆ. ಕೆನೆಭರಿತವಾದರೆ ಒಂದು ತಿಂಗಳ ಆಸುಪಾಸಿನದು, ಕೆನೆ ತೆಗೆದದ್ದು ಮತ್ತು ಲ್ಯಾಕ್ಟೋಸ್ ರಹಿತವಾದರೆ ಸಿಕ್ಕಷ್ಟು ಹೊಸದು. ಕೈಯಲ್ಲಿ ಹಿಡಿದು ಮೆಲ್ಲಗೆ ಓರೆ ಮಾಡಿ ನೋಡುತ್ತೇನೆ; ಒಳಗಿನ ಹಾಲು ನೀರಿನಷ್ಟೇ ಚುರುಕಾಗಿ ಹೊರಳಬೇಕು.

ಕಂಪನಿಗೆ ಒಂದು ಪತ್ರವನ್ನೂ ಬರೆದಿದ್ದೇನೆ. ಕಾಯಿಸುವ ವಿಧಾನವನ್ನು ಡಬ್ಬಿಯ ಮೇಲೆ ನಮೂದಿಸಿ, ಕೆನೆ ತೆಗೆದ ಹಾಲಿನ ಅವಧಿಯನ್ನು ಇಳಿಸಿ, ಹಸಿ ಹಾಲು ತಂಪು ಟ್ಯಾಂಕಿನಲ್ಲಿ ಹೆಚ್ಚೆಂದರೆ ಎಷ್ಟು ಹೊತ್ತು ಕಾಯುತ್ತದೆ ಎಂದು ತಿಳಿಸಿ, ಇಷ್ಟೇ ಕೇಳಿರುವುದು. ಹೆಪ್ಪಾದ ಡಬ್ಬಿಯ ಬ್ಯಾಚಿನ ಉಳಿಕೆ ಸ್ಯಾಂಪಲ್ ಅವರ ಲ್ಯಾಬಿನಲ್ಲಿ ಇದ್ದೇ ಇರುತ್ತದೆ, ಅದನ್ನು ತೆಗೆದು ಮೇಲೆ ಹೇಳಿದ ಟ್ರೈಕ್ಲೋರೋ ಅಸಿಟಿಕ್ ಆಮ್ಲದ ಪರೀಕ್ಷೆ ಮಾಡಿಸಿ ಎಂದೂ ಸೇರಿಸಿದ್ದೇನೆ. ಉತ್ತರ ಬಂದರೆ ಈ ವಿಮರ್ಶೆಯ ಕೆಳಗೆ ಹಾಕುತ್ತೇನೆ, ಅಂಕ ಬದಲಾಗಬೇಕಾದರೆ ಬದಲಿಸುತ್ತೇನೆ.